ಚಿಕ್ಕಮಗಳೂರಲ್ಲಿ ಅಂಗಡಿ ಬೋರ್ಡ್: ಮೇಲರ್ಧ ಕನ್ನಡ ಇದ್ದರೆ ಸಾಕಾ?

ಕಾಫಿಕಣ:
ಐ.ಜಿ. ರಸ್ತೆಯ ಕಾಫಿಪುಡಿ ಅಂಗಡಿಗೆ 10×4 ಅಡಿಯ ಬೋರ್ಡ್ ಆಗಬೇಕು. ಬೋರ್ಡಿನವರು ಕೊಟ್ಟ ಡಿಸೈನಲ್ಲಿ ಮೇಲರ್ಧ ಕನ್ನಡ, ಕೆಳಗರ್ಧ ಇಂಗ್ಲಿಷ್. ಇಷ್ಟು ಸಾಕಾ? ಮನೆಯಲ್ಲಿ ಹೋಂಸ್ಟೇ ಕೂಡ ಇದೆ. ಮೂಡಿಗೆರೆ ರಸ್ತೆಯ ತಿರುವಿನಲ್ಲಿ ಅದಕ್ಕೆ ಬಾಣದ ಗುರುತಿನ ಬೋರ್ಡ್ ಹಾಕಬಹುದಾ?

ಅಳತೆಪಟ್ಟಿ:
ಸಾಲದು. ಅರ್ಧ ಅಂದರೆ 50. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ಕ್ಕೆ 2024ರಲ್ಲಾದ ತಿದ್ದುಪಡಿ ಕೇಳುವುದು ಶೇ. 60, ಅದೂ ಮೇಲ್ಭಾಗದಲ್ಲಿ. ನಿಮ್ಮದು ಒಟ್ಟು 40 ಚದರಡಿ, ಕನ್ನಡಕ್ಕೆ 24 ಬೇಕು. ಅಂದರೆ ಮೇಲಿನಿಂದ 2 ಅಡಿ 5 ಇಂಚು ಕನ್ನಡದ್ದೇ ಆಗಲಿ. ಆ ಜಾಗದ ನಡುವೆ ದೊಡ್ಡ ಲೋಗೋ ಕೂರಿಸಬೇಡಿ, ಲೆಕ್ಕ ಕೆಡುತ್ತದೆ. ಮೂಲ ಕಾಯ್ದೆಯಲ್ಲೇ ದಂಡ ಇದೆ: ಮೊದಲ ಸಲ 5,000 ರೂ. ವರೆಗೆ, ಎರಡನೇ ಸಲ 10,000, ಆಮೇಲೆ ಪ್ರತಿ ಸಲ 20,000.

ಬರೀ ಮನೆಯ ಹೆಸರಿನ ಫಲಕಕ್ಕೆ ಈ ಲೆಕ್ಕ ಇಲ್ಲ. ಹೋಂಸ್ಟೇ ವ್ಯವಹಾರ, ಅದಕ್ಕೆ ಇದೆ.

ಇನ್ನೊಂದು, ಬಹಳ ಜನ ಮರೆಯುವುದು: ಜಿಎಸ್‌ಟಿ ನೋಂದಣಿ ಇದ್ದರೆ 15 ಅಕ್ಷರದ ಸಂಖ್ಯೆ ಪ್ರವೇಶದ ನಾಮಫಲಕದ ಮೇಲೇ ಇರಬೇಕು (ನಿಯಮ 18). ಕಾಂಪೊಸಿಷನ್ ಸ್ಕೀಮಿನವರಾದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಆ ಮಾತನ್ನೂ ಬೋರ್ಡಲ್ಲಿ ಬರೆಸಬೇಕು. ಕೆಳಗಿನ ಪಟ್ಟಿಯಲ್ಲಿ ಇವಕ್ಕೆ ಈಗಲೇ ಜಾಗ ಬಿಡಿ.

ಒತ್ತಕ್ಷರ:
ಪ್ರಿಂಟಿಗೆ ಕೊಡುವ ಮುಂಚೆ ಅಕ್ಷರ ಓದಿ. ಹಳೆಯ ನುಡಿ ಫಾಂಟಿನ ಫೈಲನ್ನು ಯೂನಿಕೋಡಿಗೆ ತಿರುಗಿಸುವಾಗ ಮುರಿಯುವುದು ಒತ್ತು, ಅರ್ಕಾವತ್ತು. ‘ಚಿಕ್ಕಮಗಳೂರು’ ಪದದ ಕ-ವತ್ತೇ ಪಕ್ಕಕ್ಕೆ ಜಾರಿರುತ್ತದೆ! ಸರಿ ಅಂತ ಖಾತ್ರಿಯಾದ ಮೇಲಷ್ಟೇ ಕರ್ವ್ಸ್‌ಗೆ ಹಾಕಿಸಿ (ಅಕ್ಷರವನ್ನು ಚಿತ್ರರೇಖೆಯಾಗಿ ಮಾಡುವುದು). ಆಮೇಲೆ ತಿದ್ದಲು ಬರುವುದಿಲ್ಲ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನ ನಡುವೆ ಜಾಗ ಬಿಡದಿದ್ದರೆ ಇಂಗ್ಲಿಷಿನ ತಲೆಗೆ ತಾಗುತ್ತದೆ.

ಅಳತೆಪಟ್ಟಿ:
ಬಾಣದ ಬೋರ್ಡ್ ವಿಷಯಕ್ಕೆ ಬಂದರೆ, ಮರಕ್ಕೆ ಮೊಳೆ ಹೊಡೆಯುವುದು, ಮೆಸ್ಕಾಂ ಕಂಬಕ್ಕೆ ಕಟ್ಟುವುದು ಎರಡೂ ಬೇಡ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದ ಜಾಹೀರಾತಿಗೆ ಆರು ತಿಂಗಳವರೆಗೆ ಜೈಲು, 1,000 ರೂ. ವರೆಗೆ ದಂಡ, ಇಲ್ಲವೇ ಎರಡೂ. ಮೂಡಿಗೆರೆ ರಸ್ತೆ ರಾಷ್ಟ್ರೀಯ ಹೆದ್ದಾರಿ 173, ಅದರ ಜಾಗಕ್ಕೆ ನಗರಸಭೆಯ ಒಪ್ಪಿಗೆಯೊಂದೇ ಸಾಲದು, ಹೆದ್ದಾರಿಯವರದ್ದೂ ಬೇಕು. ತಿರುವಿನಲ್ಲಿರುವ ಖಾಸಗಿ ಜಮೀನಿನವರ ಒಪ್ಪಿಗೆ ಪತ್ರ ಪಡೆದು, ಅದನ್ನೇ ಲಗತ್ತಿಸಿ ನಗರಸಭೆಗೆ (ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ) ಅರ್ಜಿ ಕೊಡುವುದು ಸುಲಭದ ದಾರಿ.

ಮಳೆಗಾಲ:
ಫ್ಲೆಕ್ಸ್ ಬೇಡವೇ ಬೇಡ, 2016ರ ಮಾರ್ಚ್ 11ರಿಂದಲೇ ರಾಜ್ಯದಲ್ಲಿ ನಿಷೇಧ. ಹಾಗೆ ನೋಡಿದರೆ ನಮ್ಮ ಗಾಳಿ ಮಳೆಗೆ ಅದು ನಿಲ್ಲುವುದೂ ಇಲ್ಲ. 3 ಎಂಎಂ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟ್, 1 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಚೌಕ ಪೈಪಿನ ಫ್ರೇಮ್ ಮಾಡಿಸಿ. ವೆಲ್ಡಿಂಗ್ ಆದ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿ. ಜಿಂಕ್ ಪ್ರೈಮರ್ ಹಚ್ಚದೆ ಬಣ್ಣ ಹೊಡೆಸಬೇಡಿ. ಲೈಟ್ ಹಾಕುವುದಾದರೆ 1.5 ವ್ಯಾಟಿನ 40 ಎಲ್‌ಇಡಿ ಮಾಡ್ಯೂಲಿಗೆ 60 ವ್ಯಾಟ್ ಆಯಿತು, 12 ವೋಲ್ಟಿನ 100 ವ್ಯಾಟ್ ಎಸ್‌ಎಂಪಿಎಸ್ (ಎಲ್‌ಇಡಿಗೆ ಕರೆಂಟ್ ಕೊಡುವ ಸಾಧನ) ತನ್ನಿ. 60ರದ್ದೇ ತಂದರೆ ಕಾದು ಬೇಗ ಸುಡುತ್ತದೆ. ಲೈಟಿನ ಬೋರ್ಡ್ ಪೆಟ್ಟಿಗೆಯ ತಳಕ್ಕೆ ನೀರಿಳಿಯಲು ಎರಡು ತೂತು ಇರಲಿ, ಮೇಲೆ ಒಂದೂ ಬೇಡ.

ಬೋರ್ಡ್ ಚರಂಡಿಯ ಮೇಲೆ ಚಾಚದಿರಲಿ, ಆ ಜಾಗ ನಿಮ್ಮದಲ್ಲ.

ಕಾಫಿಕಣ:
ಕನ್ನಡ 29 ಇಂಚು, ಕೆಳಗಿನ 19ರಲ್ಲಿ ಇಂಗ್ಲಿಷ್ ಮತ್ತು ಜಿಎಸ್‌ಟಿ ಸಂಖ್ಯೆ. ಡಿಸೈನ್ ವಾಪಸ್ ಕಳಿಸಿದ್ದೇನೆ.