ಹಳೇ ಅಪಾರ್ಟ್‌ಮೆಂಟ್‌ನ ಕರೆಂಟ್ ಉಳಿಸುವ ರಿಪೇರಿ: ಯಾವುದು ಮೊದಲು, ಯಾರನ್ನು ಕರೆಯಬೇಕು?

ಪ್ರಶ್ನೆ (ಮಡಿಕೇರಿ)
ನಮ್ಮದು 12 ಮನೆಗಳ ಅಪಾರ್ಟ್‌ಮೆಂಟ್. 1996ರಲ್ಲಿ ಕಟ್ಟಿದ್ದು. ಮೂರು ಮಹಡಿ, ಮೇಲೆ ಬರೀ ಆರ್‌ಸಿಸಿ ತಾರಸಿ. ಜೂನ್ ಬಂತೆಂದರೆ ಗಾಳಿಮಳೆ ಬಡಿಯುವ ಕಡೆಯ ಗೋಡೆ ಒಳಗೂ ಒದ್ದೆ. ಡಿಸೆಂಬರಿನಲ್ಲಿ ಎಲ್ಲರ ಮನೆಯಲ್ಲೂ ರೂಮ್ ಹೀಟರ್. ಬೆಂಗಳೂರಿನಲ್ಲಿರುವ ಮಗ ‘ಡೀಪ್ ಎನರ್ಜಿ ರೆಟ್ರೋಫಿಟ್ ಮಾಡಿಸಿ’ ಅನ್ನುತ್ತಾನೆ. ಬಲ್ಬ್ ಬದಲಿಸಿ ಸುಮ್ಮನಾಗುವುದಲ್ಲ, ಛಾವಣಿ, ಗೋಡೆ, ಕಿಟಕಿ, ಬಿಸಿನೀರು, ವೈರಿಂಗ್ ಎಲ್ಲವನ್ನೂ ಒಟ್ಟಿಗೆ ನೋಡಿ ಮಾಡುವ ರಿಪೇರಿಯಂತೆ. ಸೋಲಾರ್‌ನಿಂದ ಶುರು ಮಾಡೋಣ ಅಂತ ಕಮಿಟಿಯವರ ಮಾತು. ಇಂಥದ್ದು ಮಾಡಿಸಿದವರು ಇದ್ದೀರಾ? ಯಾವ ಯಾವ ಕೆಲಸದವರು ಬೇಕಾಗುತ್ತಾರೆ?

ವಿರಾಜಪೇಟೆಯಿಂದ, ಒಬ್ಬ ಮಾಜಿ ಸೆಕ್ರೆಟರಿ
ಸರ್, ಸೋಲಾರ್ ಕೊನೆಗೆ ಇಡಿ. ನಾವು ಅವಸರ ಮಾಡಿ ಕೆಟ್ಟವರು.

ನಮ್ಮದು 16 ಮನೆ. ಮೊದಲು ತಾರಸಿ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹಾಕಿಸಿದೆವು. ಕೊಡಗಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಬಟ್ಟೆ ಒಣಗಿಸುವುದಕ್ಕಾದರೂ ಬೇಕಲ್ವಾ. ವೆಲ್ಡರ್ ಕೆಲಸ ಗೊತ್ತಿದ್ದವನು. ಪ್ರತಿ ಸ್ಕ್ರೂವನ್ನೂ ಶೀಟಿನ ಉಬ್ಬಿನ ಮೇಲೇ ಹೊಡೆದ, ರಬ್ಬರ್ ವಾಷರ್ ಕೊಟ್ಟ. ಆ ಮಳೆಗಾಲ ಒಂದು ಹನಿ ಒಳಗೆ ಬರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ಸೋಲಾರ್‌ನವರು ಬಂದರು. ಅವರ ಹುಡುಗರು ಪ್ಯಾನೆಲ್ ಕೂರಿಸಲು ಶೀಟಿನ ತಗ್ಗಿನಲ್ಲಿ, ಅಂದರೆ ನೀರು ಹರಿಯುವ ಜಾಗದಲ್ಲೇ, ತೂತು ಹೊಡೆದು ಮೇಲೆ ಸಿಲಿಕೋನ್ ಬಳಿದು ಹೋದರು. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿಯಿತು. ಒಂದು ರಾತ್ರಿ ಟಾರ್ಚ್ ಹಿಡಿದು ಶೀಟಿನ ಅಡಿ ನೋಡಿದರೆ ಸಾಲಾಗಿ ಹನಿಗಳು, ಮದುವೆ ಮನೆಗೆ ಸೀರಿಯಲ್ ಸೆಟ್ ಹಾಕಿದ ಹಾಗೆ. ವೆಲ್ಡರನ್ನು ಕೇಳಿದರೆ ‘ನನ್ನ ಕೆಲಸ ಸರಿಯಾಗೇ ಇದೆ’ ಅಂದ. ಸೋಲಾರ್‌ನವರು ‘ಪ್ಯಾನೆಲ್ ಓಡ್ತಿದೆಯಲ್ಲ’ ಅಂದರು. ಇಬ್ಬರು ಹೇಳಿದ್ದೂ ನಿಜವೇ ಮಾರಾಯ್ರೆ, ಏನು ಮಾಡುವುದು!

ಅದಕ್ಕೇ ಯಾವ ಕೆಲಸದವರು ಬೇಕು ಎಂದು ಕೇಳಿದರೆ ನನ್ನ ಉತ್ತರ ಇದು. ಗಾರೆಯವರು, ವೆಲ್ಡರ್, ಪ್ಲಂಬರ್, ವೈರ್‌ಮನ್ ಎಲ್ಲರೂ ನಮ್ಮಲ್ಲೇ ಸಿಗುತ್ತಾರೆ, ಒಳ್ಳೆಯವರೂ ಇದ್ದಾರೆ. ಸಿಗದವನು ಒಬ್ಬನೇ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ ನಿಂತು ನೋಡುವವನು. ನಾವು ಕೊನೆಗೆ ಊರಿನ ಒಬ್ಬ ನಿವೃತ್ತ ಸಿವಿಲ್ ಇಂಜಿನಿಯರರಿಗೆ ತಿಂಗಳ ಸಂಬಳ ಕೊಟ್ಟು ಕೂರಿಸಿಕೊಂಡೆವು. ಅವರ ಪದ್ಧತಿ ಸರಳ. ಸೀಮೆಸುಣ್ಣದಲ್ಲಿ ಅವರು ಗುರುತು ಹಾಕದೆ ಯಾರೂ ಡ್ರಿಲ್ ಹಿಡಿಯುವ ಹಾಗಿಲ್ಲ. ತಾರಸಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಬೇಕು. ಹಣದಲ್ಲಿ ನೂರಕ್ಕೆ ಹತ್ತು ಭಾಗ ಮಳೆಗಾಲ ಕಳೆದ ಮೇಲೆ. ಈ ಕೊನೆಯದಕ್ಕೆ ಇಬ್ಬರು ಕೆಲಸ ಬಿಟ್ಟೇ ಹೋದರು, ಹೋಗಲಿ ಬಿಡಿ ಅಂದರು ಇಂಜಿನಿಯರ್.

ಇನ್ನು ಗೋಡೆ. ಒದ್ದೆ ಗೋಡೆಯಲ್ಲಿ ಶಾಖ ಬೇಗ ಹೊರಗೆ ಹೋಗುತ್ತದೆ. ನಿಮ್ಮ ಹೀಟರ್‌ನ ಒಂದಷ್ಟು ದುಡಿಮೆ ಗೋಡೆ ಒಣಗಿಸುವುದರಲ್ಲೇ ಕಳೆಯುತ್ತದೆ. ಆದ್ದರಿಂದ ನೀರು ನಿಲ್ಲಿಸುವುದೇ ಕರೆಂಟ್ ಉಳಿಸುವ ಮೊದಲ ಕೆಲಸ. ಬಿರುಕು ತುಂಬಿಸಿ, ಸಜ್ಜಾದ ಅಡಿಯಲ್ಲಿ ಅಂಚಿನ ಹತ್ತಿರ ಒಂದು ಗೀರು ಬಿಡಿಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿದು ಬರುವುದಿಲ್ಲ. ಒಳಗಿನಿಂದ ಮಾತ್ರ ಪೇಂಟ್ ಹೊಡೆಸಿ ಮುಚ್ಚಿದರೆ ಎರಡು ವರ್ಷಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ. ನಮ್ಮಲ್ಲಿ ಎದ್ದಿದೆ.

ಸೋಮವಾರಪೇಟೆಯಿಂದ, ವೈರ್‌ಮನ್
ಅಣ್ಣ ಹೇಳಿದ್ದು ಸರಿ, ಆದರೆ ವೈರಿಂಗ್ ಮರೆಯಬೇಡಿ. ಆ ಕಾಲದ ಎಷ್ಟೋ ಕಟ್ಟಡಗಳಲ್ಲಿ ಅರ್ತ್ ವೈರ್ ಹೆಸರಿಗೆ ಮಾತ್ರ. ಗೋಡೆ ಒದ್ದೆಯಾದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಜುಲೈಯಲ್ಲಿ ನನಗೆ ಎಷ್ಟು ಫೋನ್ ಬರುತ್ತವೋ! ಪ್ರತಿ ಮನೆಗೂ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಗೀಸರ್ ಲೈನ್ 2.5 ಚದರ ಮಿ.ಮೀ.ಗಿಂತ ಸಣ್ಣ ವೈರ್ ಬೇಡ, 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಆದರೆ 4. ಬೆಳಿಗ್ಗೆ ಏಳಕ್ಕೆ 12 ಮನೆಯ ಇನ್‌ಸ್ಟಂಟ್ ಗೀಸರ್ ಒಟ್ಟಿಗೆ ಹಾಕಿದರೆ 36 ಕಿಲೋವ್ಯಾಟ್. ನಿಮ್ಮ ಕಟ್ಟಡದ ಮೇನ್ ಕೇಬಲ್ ಅಷ್ಟು ತಡೆಯುತ್ತದಾ? ಮೊದಲು ಅದನ್ನು ನೋಡಿಸಿ.

ಸೋಲಾರ್ ಬಗ್ಗೆಯೂ ಒಂದು ಮಾತು. ಬ್ಯಾಟರಿ ಇಲ್ಲದೆ ಊರಿನ ಲೈನ್‌ಗೆ ಜೋಡಿಸಿದ ಆನ್-ಗ್ರಿಡ್ ಸಿಸ್ಟಮ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ನಲ್ಲಿ ಕೆಲಸ ಮಾಡುವವರ ಜೀವ ಉಳಿಯಲಿ ಅಂತ ಹಾಗೆ ಮಾಡಿರುವುದು. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗ ಅದನ್ನು ನಂಬಿ ಕೂರಬೇಡಿ.

ಜರ್ಮನಿಯಿಂದ, ಮಡಿಕೇರಿಯ ಹುಡುಗಿ
ನಾನು ಇಲ್ಲಿ ಇದೇ ಕೆಲಸದಲ್ಲಿದ್ದೇನೆ. ಇಲ್ಲಿ ಹಳೇ ಕಟ್ಟಡಗಳಿಗೆ ‘ಎನರ್‌ಫಿಟ್’ ಅನ್ನುವ ಮಾನದಂಡ ಇದೆ. ಹೊರಗೋಡೆಗೆ ದಪ್ಪ ಇನ್ಸುಲೇಷನ್ ಹೊದಿಸಿ, ಕಿಟಕಿ ಬದಲಿಸಿ, ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಗಾಳಿ ಎಲ್ಲಿ ಸೋರುತ್ತದೆ ಎಂದು ಅಳೆಯುತ್ತೇವೆ. ಆ ಫ್ಯಾನ್‌ನಿಂದ 50 ಪ್ಯಾಸ್ಕಲ್ ಒತ್ತಡ ಕೊಟ್ಟಾಗ ಗಂಟೆಗೆ ಮನೆಯೊಳಗಿನ ಗಾಳಿ ಒಂದು ಸಲಕ್ಕಿಂತ ಜಾಸ್ತಿ ಬದಲಾಗಬಾರದು. ಆದರೆ ಅದರ ಜೊತೆಗೇ ಗಾಳಿ ಆಡಿಸುವ ಯಂತ್ರವೂ ಇರುತ್ತದೆ. ಅದನ್ನು ಬಿಟ್ಟು ಬರೀ ಕಿಟಕಿ ಬಿಗಿ ಮಾಡಿದರೆ ಏನಾಗುತ್ತದೆ ಅಂತ ನಾನೇ ಅಮ್ಮನ ಮನೆಯಲ್ಲಿ ಮಾಡಿ ನೋಡಿದ್ದೇನೆ!

ಹಳೇ ಮರದ ಕಿಟಕಿ ತೆಗೆದು ರಬ್ಬರ್ ಗ್ಯಾಸ್ಕೆಟ್ ಇರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಿದೆ. ಚಳಿ ಕಡಿಮೆಯಾಯಿತು, ಅಮ್ಮ ಖುಷಿ. ಆಗಸ್ಟ್‌ನಲ್ಲಿ ಬೀರು ತೆಗೆದರೆ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೂದು ಬಣ್ಣದ ಬೂಷ್ಟು. ಅಪ್ಪನ ಚಪ್ಪಲಿ ಹಸಿರು. ಮೊದಲು ಹಳೇ ಕಿಟಕಿಯ ಸಂದಿಯಲ್ಲಿ ಹೊರಗೆ ಹೋಗುತ್ತಿದ್ದ ಸ್ನಾನದ ಹಬೆ, ಅಡುಗೆಯ ಹಬೆ ಈಗ ಒಳಗೇ ಉಳಿಯುತ್ತಿತ್ತು. ಗೋಡೆಯ ಮೇಲ್ಮೈಯಲ್ಲಿ ತೇವಾಂಶ ಶೇ. 80 ದಾಟಿ ಹಾಗೇ ನಿಂತರೆ ಬೂಷ್ಟು ಗ್ಯಾರಂಟಿ. ಬಚ್ಚಲಿಗೆ ಟೈಮರ್ ಇರುವ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಎಷ್ಟೋ ವಾಸಿ. ಆದರೆ ಕೊಡಗಿನ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ, ಹಾಗಾಗಿ ಬೀರು ಇರುವ ಕೋಣೆಗೆ ಗಾಳಿಯ ತೇವ ಹೀರುವ ಒಂದು ಡಿಹ್ಯೂಮಿಡಿಫೈಯರ್ ಕೂಡ ಇಟ್ಟೆವು.

ದಯವಿಟ್ಟು ಗಮನಿಸಿ: ಕಿಟಕಿ ಬಿಗಿ ಮಾಡುವ ಮೊದಲು ಬಾತ್‌ರೂಮಿನ ಒಳಗಿರುವ ಗ್ಯಾಸ್ ಗೀಸರ್ ಹೊರಗೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದೂ ಬೇಡ. ಇವುಗಳಿಂದ ಬರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಮಡಿಕೇರಿಯ ಚಳಿಗೆ ಜರ್ಮನಿಯ ದಪ್ಪದ ಇನ್ಸುಲೇಷನ್ ಬೇಕಿಲ್ಲ. ಆ ದುಡ್ಡನ್ನು ಬಿಸಿನೀರಿಗೆ ಹಾಕಿ. ನಾಲ್ಕು ಜನ ದಿನಕ್ಕೆ 80 ಲೀಟರ್ ನೀರನ್ನು 18 ಡಿಗ್ರಿಯಿಂದ 40ಕ್ಕೆ ಕಾಯಿಸಿದರೆ ಸುಮಾರು 2 ಯೂನಿಟ್, ತಿಂಗಳಿಗೆ 60. ಹೀಟ್ ಪಂಪ್ ಆದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಾಕು. ಅದು ಗಾಳಿಯಿಂದ ಶಾಖ ಎಳೆಯುತ್ತದೆ, ಬಿಸಿಲು ಬೇಕಿಲ್ಲ, ಜುಲೈಯಲ್ಲೂ ಓಡುತ್ತದೆ. ಸದ್ದು ಮಾಡುತ್ತದೆ, ಆದ್ದರಿಂದ ಯಾರದ್ದೂ ಬೆಡ್‌ರೂಮ್ ಕಿಟಕಿ ಹತ್ತಿರ ಇಡಬೇಡಿ.

ಕುಶಾಲನಗರದಿಂದ
ನಮ್ಮ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ನಮಗೆ ಕಡಿಮೆ ಕರೆಂಟಿನ ಮೋಟಾರ್ ಇರುವ ಬಿಎಲ್‌ಡಿಸಿ ಫ್ಯಾನಿನಿಂದ ಒಳ್ಳೇ ಉಳಿತಾಯ ಆಯಿತು, ಹಳೇದು 75 ವ್ಯಾಟ್, ಇದು 30ರ ಆಸುಪಾಸು. ಮಡಿಕೇರಿಯವರು ಫ್ಯಾನ್ ಹಾಕುವುದೇ ಅಪರೂಪ, ನಿಮಗೆ ಈ ಲೆಕ್ಕ ಬೇಡ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಮೀಟಿಂಗ್‌ನಲ್ಲಿ ಅರ್ಧ ಜನ ‘ನಮಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಬರಲ್ಲ, ಯಾಕೆ ಖರ್ಚು’ ಅನ್ನುತ್ತಾರೆ. ಏನು ಹೇಳಲಿ? ಮತ್ತೆ, ಯಾವ ತಿಂಗಳು ಶುರು ಮಾಡುವುದು?

ವಿರಾಜಪೇಟೆಯಿಂದ, ಮತ್ತೆ
ಕಾಮನ್ ಮೀಟರ್‌ಗೆ ಗೃಹಜ್ಯೋತಿ ಇಲ್ಲ, ಅದರ ಬಿಲ್ ಎಲ್ಲರೂ ಹಂಚಿಕೊಳ್ಳಬೇಕಲ್ವಾ. ಮೀಟಿಂಗ್‌ನಲ್ಲಿ ಮಾತು ಅಲ್ಲಿಂದ ಶುರು ಮಾಡಿ. ನಮ್ಮ ಮೆಟ್ಟಿಲು, ಪಾರ್ಕಿಂಗ್‌ನಲ್ಲಿ 24 ಹಳೇ ಟ್ಯೂಬ್‌ಲೈಟ್ ಇದ್ದವು, ಚೋಕ್ ಸೇರಿ ಒಂದೊಂದು ಸುಮಾರು 50 ವ್ಯಾಟ್. 18 ವ್ಯಾಟ್‌ನ ಎಲ್‌ಇಡಿ ಹಾಕಿದೆವು. ರಾತ್ರಿ ಹತ್ತು ಗಂಟೆ ಉರಿದರೆ ತಿಂಗಳಿಗೆ ಹತ್ತಿರ ಹತ್ತಿರ 230 ಯೂನಿಟ್ ಉಳಿತಾಯ. ಆ ಬಿಲ್ಲನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ಮೇಲೆ ಮೀಟಿಂಗ್‌ನಲ್ಲಿ ಗಲಾಟೆ ಕಡಿಮೆಯಾಯಿತು. ಸೋಲಾರ್ ಹಂತಕ್ಕೆ ಬಂದಾಗ ಕೇಂದ್ರ ಸರ್ಕಾರದ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ವಸತಿ ಸಂಘಗಳ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ, ಅದನ್ನೂ ಹೇಳಿ.

ತಿಂಗಳು ಅಂದರೆ, ಮಳೆ ಬಿಟ್ಟ ಕೂಡಲೇ. ತಡ ಮಾಡಿದರೆ ಕಾಫಿ ಕೊಯ್ಲು ಶುರು, ಆಮೇಲೆ ಗಾರೆಯವರಿಗೆ ಕೈಯಾಳು ಸಿಗುವುದಿಲ್ಲ. ಪುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಒಳಗೆ ತಾರಸಿ, ಅದರ ಮೇಲಿನ ಶೀಟ್, ಗೋಡೆ ಮುಗಿಯಲಿ. ವೈರಿಂಗ್, ಕಿಟಕಿ ಜನವರಿಯಲ್ಲೂ ಆಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದಲ್ಲ, ಅರ್ಧ ಇಂಚೇ ಬರಲಿ, ಆ ರಾತ್ರಿ ಟಾರ್ಚ್ ಹಿಡಿದು ನೀವೇ ಶೀಟಿನ ಅಡಿಗೆ ಹೋಗಿ. ವೆಲ್ಡರನ್ನೂ ಕರೆದುಕೊಂಡು ಹೋಗಿ.