ಮನೆ ರಿಪೇರಿ ಸಮಯದಲ್ಲಿ ಗೋಡೆ ಪಕ್ಕದ ಜೇನುಪೆಟ್ಟಿಗೆ: ಯಾವ ಕೆಲಸ ಮೊದಲು?

ಹಿತ್ತಲಬಾಗಿಲು:
ಹಳ್ಳಿಮನೆಯ ಹಿಂಬದಿ ಗೋಡೆಯ ಹಳೇ ಗಾರೆ ಕಿತ್ತು ಹೊಸದಾಗಿ ಸುಣ್ಣದ ಗಾರೆ ಹಾಕಿ, ಸುಣ್ಣ ಹೊಡೆಯಬೇಕು. ಕಿಟಕಿ ಬಾಗಿಲಿಗೆ ಗೆದ್ದಲು ಔಷಧಿ ಮತ್ತು ಎಣ್ಣೆ. ಆಮೇಲೆ ಗೋಡೆ ಬುಡದುದ್ದಕ್ಕೂ ಹೂವಿನ ಪಾತಿ. ಆ ಗೋಡೆಯಿಂದ ನಾಲ್ಕೇ ಅಡಿ ದೂರದಲ್ಲಿ ಎರಡು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ಜೇನು) ಪೆಟ್ಟಿಗೆಗಳಿವೆ. ಬೇರೆ ಜಾಗ ಅಂತ ಇರುವುದು 40 ಮೀಟರ್ ಆಚೆಯ ಬೇಲಿ ಮೂಲೆ ಮಾತ್ರ. ಈಗ ವಸಂತ, ಪೆಟ್ಟಿಗೆಯ ಜೇನುಸಂಸಾರ ತುಂಬಿದೆ, ಗಂಡು ಜೇನುನೊಣಗಳೂ ಓಡಾಡುತ್ತಿವೆ. ಸಾಲದ್ದಕ್ಕೆ ಕಿಟಕಿ ಮೇಲಿನ ಬಿರುಕಿನೊಳಗೆ ಇನ್ನೊಂದು ಗೂಡು. ಎಲ್ಲಿಂದ ಶುರು ಮಾಡಲಿ?

ಎರಿಚೌಕಟ್ಟು:
ಮೊದಲು ಪೆಟ್ಟಿಗೆ. ಆದರೆ ಎತ್ತುವ ಮುಂಚೆ ತೆರೆದು ನೋಡಿ. ಎರಿಯ (ಮೇಣದ ತಟ್ಟೆಯ) ಕೆಳ ಅಂಚಿನಲ್ಲಿ ರಾಣಿ ಕಣ, ಅಂದರೆ ಹೊಸ ರಾಣಿ ಬೆಳೆಯುವ ಕೋಣೆ, ಇದೆಯಾ? ಮುಚ್ಚಿದ ಕಣ ಇದ್ದು ಅದರ ತುದಿಯ ಮೇಣ ಕೆರೆದು ಕಂದು ಬಣ್ಣ ಕಾಣುತ್ತಿದ್ದರೆ ಹೊಸ ರಾಣಿ ಹೊರಬರುವ ಹೊತ್ತಾಗಿದೆ ಅಂತಲೇ ಅರ್ಥ. ಅಂಥ ಪೆಟ್ಟಿಗೆಯನ್ನು ಈಗ ಮುಟ್ಟಬೇಡಿ. ಹೊಸ ರಾಣಿ ಮಿಲನಕ್ಕೆ ಹಾರಿ ಬಂದು ಮೊಟ್ಟೆ ಇಡಲು ಸುಮಾರು ಎರಡು ವಾರ ಬೇಕು. ಆ ನಡುವೆ ಜಾಗ ಬದಲಿಸಿದರೆ ರಾಣಿ ಹಳೇ ಜಾಗಕ್ಕೆ ಹೋಗಿ ಕಳೆದುಹೋಗುವ ಸಂಭವ ಇದೆ. ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿರುವ ಕಣಗಳು ಗಂಡು ನೊಣದವು, ಅವನ್ನು ನೋಡಿ ಗಾಬರಿಯಾಗಬೇಡಿ.

ರಾಣಿ ಕಣ ಇಲ್ಲ, ಮೊಟ್ಟೆ ಇದೆ ಅಂದರೆ ಸಾಗಿಸಬಹುದು. ದಿನಕ್ಕೆ ಮೂರಡಿಯಂತೆ ಸರಿಸುವ ಪದ್ಧತಿಯಲ್ಲಿ 40 ಮೀಟರ್‌ಗೆ ತಿಂಗಳ ಮೇಲೆ ಹಿಡಿಯುತ್ತದೆ, ನಿಮ್ಮ ಕೆಲಸಕ್ಕೆ ಆಗದು. ಹೀಗೆ ಮಾಡಿ: ಕತ್ತಲಾಗಿ ನೊಣವೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆ ಬಾಗಿಲಿಗೆ ತಂತಿ ಜಾಲರಿ ಹೊಡೆಯಿರಿ. ಹಲಗೆ ಅಥವಾ ಬಟ್ಟೆ ತುರುಕಿದರೆ ಗಾಳಿ ನಿಂತು, ಬಿಸಿ ಏರಿ, ಹೊಸ ಎರಿ ಮೆತ್ತಗಾಗಿ ಕಳಚಿ ಬೀಳುತ್ತದೆ. ತುಡುವೆ ಮರದ ಅಂಟು ತರುವುದಿಲ್ಲ, ಹಾಗಾಗಿ ಎರಿ ಕಟ್ಟಿದ ಚೌಕಟ್ಟುಗಳು ಪೆಟ್ಟಿಗೆಗೆ ಅಂಟಿಕೊಂಡಿರದೆ ಅಲುಗಾಡುತ್ತವೆ. ಸಂದಿಗೆ ತೆಳು ಬೆಣೆ ಕೊಟ್ಟು ಬಿಗಿ ಮಾಡಿ. ಇಬ್ಬರು ಹಿಡಿದು ಮಟ್ಟಸವಾಗಿ ಒಯ್ಯಿರಿ, ತಳ್ಳುಗಾಡಿ ಬೇಡ.

ಹೊಸ ಜಾಗದಲ್ಲಿ ಇಟ್ಟು ಜಾಲರಿ ತೆಗೆದ ಕೂಡಲೇ ಬಾಗಿಲ ಮುಂದೆ ಎಲೆ ತುಂಬಿದ ಕೊಂಬೆ ಅಡ್ಡ ಒರಗಿಸಿ. ಬೆಳಿಗ್ಗೆ ಹೊರಟ ನೊಣ ಅದನ್ನು ಸುತ್ತಿಕೊಂಡು ಹೊಸದಾಗಿ ಗುರುತು ಹಾಕಿಕೊಳ್ಳುತ್ತದೆ. ಆದರೂ ಒಂದಷ್ಟು ಹಳೇ ಜಾಗಕ್ಕೇ ಬರುತ್ತವೆ. ಅಲ್ಲಿ ಒಂದು ಖಾಲಿ ಎರಿ ಹಾಕಿದ ಚಿಕ್ಕ ಪೆಟ್ಟಿಗೆ ಇಟ್ಟು, ಸಂಜೆ ಸೇರಿದ್ದನ್ನು ಒಯ್ದು ಸುರಿಯಿರಿ. ಮೂರು ನಾಲ್ಕು ಸಂಜೆ ಇದೇ ಕೆಲಸ.

ಸುಣ್ಣದಗೋಡೆ:
ಗಾರೆ ಕೀಳುವ ಮುಂಚೆ ಬಿರುಕಿನ ಗೂಡು ತೆಗೆಯಲೇಬೇಕು. ಗೂಡಿನ ಬಾಗಿಲು ಮೆತ್ತಿಬಿಟ್ಟರೆ ಆಯ್ತು ಅಂತ ಗಾರೆಯವರು ಹೇಳುತ್ತಾರೆ, ಕೇಳಬೇಡಿ. ನೊಣ ಇನ್ನೊಂದು ಸಂದಿ ಹುಡುಕಿ ಮನೆಯೊಳಗೇ ಇಳಿಯುತ್ತವೆ. ಸತ್ತರೆ ಜೇನುತುಪ್ಪ ಗೋಡೆಯಲ್ಲಿ ಸೋರಿ ಇರುವೆ ಕರೆಯುತ್ತದೆ. ತೆಗೆದ ದಿನವೇ ಒಳಗಿನ ಮೇಣವನ್ನೆಲ್ಲ ಕೆರೆದು ಪೊಳ್ಳು ತುಂಬಿ, ಇಲ್ಲದಿದ್ದರೆ ಆ ವಾಸನೆಗೆ ಬೇರೆ ಜೇನುಹಿಂಡು ಬಂದು ಕೂರುತ್ತದೆ.

ಹಳೇ ಗೋಡೆ ಮಣ್ಣಿನದೋ ಸುಣ್ಣದ್ದೋ ಆದರೆ ಮೇಲೆ ಸಿಮೆಂಟ್ ಬೇಡ, ತೇವ ಒಳಗೇ ಉಳಿದು ಪದರವೇ ಕಳಚುತ್ತದೆ. ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು, ಒಂದು ಪದರ 10 ಮಿ.ಮೀ. ಮೀರಬಾರದು. ಗೋಡೆ ನೆನೆಸಿ ಮೆತ್ತಿ, ಒದ್ದೆ ಗೋಣಿ ಇಳಿಬಿಟ್ಟು ನಿಧಾನ ಒಣಗಿಸಿ. ಸುಡು ಬಿಸಿಲಲ್ಲಿ ಬೇಗ ಒಣಗಿದ ಗಾರೆ ಪುಡಿಯಾಗಿ ಉದುರುತ್ತದೆ.

ಸುಟ್ಟ ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕನ್ನಡಕ ಬೇಕೇ ಬೇಕು. ಹೊಡೆಯುವ ಸುಣ್ಣ ಹಾಲಿನಷ್ಟು ತೆಳ್ಳಗಿರಲಿ. ಒದ್ದೆಯಲ್ಲಿ ಬಣ್ಣವೇ ಇಲ್ಲದಂತೆ ಕಂಡು ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದೆ ಗಟ್ಟಿಯಾಗಿ ಬಳಿದವರ ಗೋಡೆಯೇ ಕೈಗೆ ಹತ್ತುವುದು. ನಾಲ್ಕೈದು ಸಲ, ಒಂದೊಂದರ ನಡುವೆ ಒಂದು ದಿನ. ಬಕೆಟ್ ಮುಚ್ಚಿಡಿ, ನೀರಿಗೆ ಬಂದ ನೊಣ ಅದರಲ್ಲೇ ಮುಳುಗುತ್ತದೆ.

ಹಿತ್ತಲಬಾಗಿಲು:
ಬಿರುಕಿನ ಗೂಡನ್ನು ಪೆಟ್ಟಿಗೆಗೆ ಕೂರಿಸುವುದು ಹೇಗೆ? ರಾಣಿಗೇಟು (ರಾಣಿ ಹೊರಹೋಗದಂತೆ ಪೆಟ್ಟಿಗೆ ಬಾಗಿಲಿಗೆ ಹಾಕುವ ತಡೆ) ಹಾಕಿದರೆ ಓಡಿಹೋಗುವುದಿಲ್ಲವಲ್ಲ?

ಎರಿಚೌಕಟ್ಟು:
ಬಿಸಿಲಿರುವ ಮುಂಜಾವು ಕಳೆದ ಮೇಲೆ, ಹೊರಗೆಲಸದ ನೊಣ ಹೊರಗಿದ್ದಾಗ ತೆಗೆಯಿರಿ. ಹೊಗೆ ಎರಡು ಮೂರು ಉಫ್ ಸಾಕು. ಜಾಸ್ತಿಯಾದರೆ ತುಡುವೆ ಎರಿ ಬಿಟ್ಟು ಓಡಾಡತೊಡಗುತ್ತದೆ, ಆಮೇಲೆ ರಾಣಿ ಸಿಗುವುದಿಲ್ಲ. ಮರಿ ಇರುವ ಎರಿಯನ್ನು ಚೌಕಟ್ಟಿನ ಅಳತೆಗೆ ಕತ್ತರಿಸಿ, ಮೇಲಿದ್ದ ಬದಿ ಮೇಲೇ ಇರುವಂತೆ ಹತ್ತಿ ದಾರದಲ್ಲಿ ಕಟ್ಟಿ. ಕಣಗಳು ಸ್ವಲ್ಪ ಮೇಲ್ಮುಖವಾಗಿರುತ್ತವೆ, ತಲೆಕೆಳಗೆ ಕಟ್ಟಿದರೆ ಕೆಡುತ್ತದೆ. ತುಪ್ಪದ ಎರಿ ಕಟ್ಟಲು ಹೋಗಬೇಡಿ, ಭಾರಕ್ಕೆ ಹರಿದು ಎಲ್ಲವನ್ನೂ ಅಂಟು ಮಾಡುತ್ತದೆ. ರಾಣಿಯನ್ನು ಹಿಡಿದು ಪಂಜರದಲ್ಲಿ ಹಾಕಿ ಒಳಗೆ ಇಟ್ಟರೆ ಉಳಿದವು ತಾವಾಗಿಯೇ ಬರುತ್ತವೆ. ಸಂಜೆವರೆಗೆ ಪೆಟ್ಟಿಗೆ ಬಿರುಕಿನ ಪಕ್ಕದಲ್ಲೇ ಇರಲಿ.

ಗೇಟು ನಾಲ್ಕೈದು ದಿನಕ್ಕೆ ಸಾಕು, ಅದೂ ಮೊಟ್ಟೆ ಇಡುವ ರಾಣಿ ಇದ್ದರೆ ಮಾತ್ರ. ಹೊಸ ರಾಣಿಗೆ ಹಾಕಿದರೆ ಮಿಲನಕ್ಕೆ ಹೋಗಲಾಗದೆ ಸಂಸಾರವೇ ಮುಗಿಯುತ್ತದೆ. ಗಂಡು ನೊಣವೂ ಅದರಲ್ಲಿ ತೂರುವುದಿಲ್ಲ, ಬಾಗಿಲಲ್ಲಿ ಸತ್ತು ಗಾಳಿಗೆ ಅಡ್ಡವಾಗುತ್ತವೆ. ದಿನಕ್ಕೊಮ್ಮೆ ಕಡ್ಡಿಯಿಂದ ಕೆರೆಯಿರಿ.

ಬೇಲಿಹೂ:
ಗೋಡೆಬುಡದ ಪಾತಿ ಬಗ್ಗೆ ಯಾರೂ ಹೇಳಲಿಲ್ಲ. ಪೆಟ್ಟಿಗೆಗೆ ದೊಡ್ಡ ಗಂಡಾಂತರ ಅದೇ. ಅಡಿಪಾಯದ ಸುತ್ತ ಗೆದ್ದಲಿಗೆ ಸುರಿಯುವ ಇಮಿಡಾಕ್ಲೋಪ್ರಿಡ್ ಮಣ್ಣಲ್ಲಿ ಬಹುಕಾಲ ಉಳಿಯುತ್ತದೆ. ಗಿಡದ ಬೇರು ಅದನ್ನು ಹೀರಿ ಮಕರಂದ, ಪರಾಗದವರೆಗೂ ಸಾಗಿಸುತ್ತದೆ. ಮನೆಗೆ ಹಾಕಿದ ಔಷಧಿ ಹೂವಿನ ದಾರಿಯಲ್ಲಿ ಪೆಟ್ಟಿಗೆ ಸೇರುತ್ತದೆ! ಔಷಧಿ ಹಾಕದಿದ್ದರೂ ಅಲ್ಲಿ ಪಾತಿ ಬೇಡ: ನೀರು ಬಿದ್ದು ಹೊಸ ಗಾರೆ ನೆನೆಯುತ್ತದೆ, ಏರಿದ ಮಣ್ಣು ಗೆದ್ದಲಿಗೆ ಏಣಿ. ಗೋಡೆಯಿಂದ ಎರಡಡಿ ಜಲ್ಲಿ ಹಾಸಿ ಬಿಡಿ.

ಪಾತಿಯನ್ನು ಔಷಧಿ ಬಿದ್ದ ಮಣ್ಣಿನಿಂದ ದೂರ ಮಾಡಿ. ನೊಣ ಒಂದು ಸುತ್ತಿಗೆ ಸಾಮಾನ್ಯವಾಗಿ ಒಂದೇ ಜಾತಿ ಹೂ ಹಿಡಿಯುತ್ತದೆ, ಹಾಗಾಗಿ ಬಿಡಿಬಿಡಿ ಗಿಡಕ್ಕಿಂತ ಒಂದೊಂದು ಜಾತಿಗೆ ಚದರ ಮೀಟರ್ ಜಾಗ ಕೊಡಿ. ಸಾಸಿವೆ, ಕೊತ್ತಂಬರಿಯನ್ನು ಮೂರು ವಾರಕ್ಕೊಮ್ಮೆ ಬಿತ್ತಿ ಹೂ ಬಿಡಲು ಬಿಡಿ. ತುಳಸಿ ಅಂಚಿಗೆ.

ಮರದ ಕೆಲಸಕ್ಕೆ ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಇರುವ ದ್ರಾವಣವಾದರೆ ಕಿಟಕಿ ಬಾಗಿಲು ಕಳಚಿ ಪೆಟ್ಟಿಗೆಯಿಂದ ದೂರ ಒಯ್ದು ಬಳಿದು, ಪೂರ್ತಿ ಒಣಗಿದ ಮೇಲೆ ಕೂರಿಸಿ. ಒಳಗಿನ ಮರಕ್ಕೆ ಬೊರಾಕ್ಸ್ ದ್ರಾವಣ ಸಾಕು. ಹೊರಗೆ ಮಳೆಗೆ ತೊಳೆದುಹೋಗುತ್ತದೆ. ಅಗಸೆಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹರಡಿ ಒಣಗಿಸಿ. ಉಳಿದ ಎಣ್ಣೆಯನ್ನು ಖಾಲಿ ಪೆಟ್ಟಿಗೆಗೆ ಹಚ್ಚುವುದಾದರೆ ಹೊರಮೈಗೆ ಮಾತ್ರ, ಒಳಮೈ ಹಸಿ ಮರವೇ ಇರಲಿ.