ಓದುಗರ ಸ್ಪಂದನ: ಮ್ಯೂನಿಕ್ಕೋ, ದುಬೈಯೋ?

ಪ್ರಶ್ನೆ: ಪತಿಗೆ ಜರ್ಮನಿಯ ಮ್ಯೂನಿಕ್‌ನಲ್ಲೂ ದುಬೈಯಲ್ಲೂ ಕೆಲಸ ಸಿಕ್ಕಿದೆ. ದುಬೈಯಲ್ಲಿ ಕೈಗೆ ಬರುವ ಸಂಬಳ ಹೆಚ್ಚು. ಮಗಳಿಗೆ ಎಂಟು ವರ್ಷ. ಯಾವುದನ್ನು ಒಪ್ಪಿಕೊಳ್ಳುವುದು?

ನಿಮ್ಮ ಪತ್ರದಲ್ಲಿ ಸಂಬಳದ ಲೆಕ್ಕ ಚೊಕ್ಕವಾಗಿದೆ. ಮಗಳ ವಯಸ್ಸನ್ನು ಮಾತ್ರ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ನಿರ್ಧಾರ ನಿಂತಿರುವುದೇ ಅದರ ಮೇಲೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೇ ಮುಗಿಯುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಕೊಡುವ ಅಂಕಪಟ್ಟಿಯಲ್ಲಿ ಜರ್ಮನ್, ಗಣಿತ ಮತ್ತು ಪರಿಸರ ಪಾಠಗಳ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ (ಅಲ್ಲಿ 1 ಎಂದರೆ ಅತ್ಯುತ್ತಮ) ಮಗು ವಿಶ್ವವಿದ್ಯಾಲಯದ ದಾರಿಯಾದ ಗಿಮ್ನಾಸಿಯಮ್‌ಗೆ ನೇರವಾಗಿ ಹೋಗಬಹುದು. ಅಂದರೆ, ಒಂದು ಅಕ್ಷರ ಜರ್ಮನ್ ಬಾರದ ನಿಮ್ಮ ಮಗಳಿಗೆ ಸಿಗುವುದು ಹೆಚ್ಚೆಂದರೆ ಎರಡು ವರ್ಷ. ಭಾಷೆಯ ತೊಡಕಿರುವ ಮಕ್ಕಳಿಗೆ ರಿಯಾಯಿತಿ ಉಂಟು, ಮುಂದೆ ಶಾಲೆ ಬದಲಿಸುವ ದಾರಿಯೂ ಇದೆ, ಆದ್ದರಿಂದ ಹೆದರಬೇಕಿಲ್ಲ. ಆದರೆ ಹೋಗುವುದಾದರೆ ಈ ವರ್ಷವೇ ಹೋಗಿ, ಪಾಠವನ್ನು ಇಂದೇ ಶುರುಮಾಡಿಸಿ.

ಮನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ಬೀಗ ತೆಗೆದು ಒಳಗೆ ಹೋದಾಗ ಅಡುಗೆಮನೆಯ ಗೋಡೆಯಿಂದ ಎರಡು ಪೈಪುಗಳು ಚಾಚಿಕೊಂಡಿದ್ದವು, ಅಷ್ಟೆ. ಸಿಂಕು, ಒಲೆ, ಕಪಾಟು ಎಲ್ಲವನ್ನೂ ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿದ್ದರು; ಅಲ್ಲಿ ಅದು ಸಹಜ. ಮೂರು ವಾರ ಬಚ್ಚಲಲ್ಲಿ ಪಾತ್ರೆ ತೊಳೆದೆವು. ಮುಂಗಡವಾಗಿ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಕೇಳಬಹುದು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕು. ತೆರಿಗೆ ಸಂಖ್ಯೆ ಬರುವುದೂ ಆ ನೋಂದಣಿಯಾದ ಮೇಲೆಯೇ. ಆದ್ದರಿಂದ ನೋಂದಣಿಗೆ ಒಪ್ಪದ ತಾತ್ಕಾಲಿಕ ಮನೆಯನ್ನು ಅಗ್ಗವೆಂದು ಹಿಡಿಯಬೇಡಿ.
— ಒಂಬತ್ತು ವರ್ಷದಿಂದ ಜರ್ಮನಿಯಲ್ಲಿರುವ ಓದುಗಿ

ದುಬೈಯಲ್ಲಿ ಹನ್ನೊಂದು ವರ್ಷ ದುಡಿದು ಮರಳಿದವನ ಮಾತಿದು. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲವೆಂಬುದು ನಿಜ. ಆದರೆ ಶಾಲೆಯ ಶುಲ್ಕ ನಿಮ್ಮ ಜೇಬಿನಿಂದಲೇ ಹೋಗಬೇಕು, ಬಾಡಿಗೆಗೆ ಮುಂದಿನ ದಿನಾಂಕದ ಕೆಲವೇ ಚೆಕ್ಕುಗಳಲ್ಲಿ ವರ್ಷದ ಹಣ ಬರೆದುಕೊಡುವ ರೂಢಿ ಈಗಲೂ ಇದೆ. ನೇಮಕಾತಿ ಪತ್ರದಲ್ಲಿ ಒಟ್ಟು ಮೊತ್ತವನ್ನು ಬಿಟ್ಟು ಮೂಲ ವೇತನವೆಷ್ಟು ಎಂದು ನೋಡಿ: ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದಂತೆ ಲೆಕ್ಕ ಹಾಕುವುದು ಆ ಮೂಲ ವೇತನದ ಮೇಲೆ ಮಾತ್ರ. ನನ್ನ ಪತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಭತ್ಯೆಯ ಹೆಸರಿನಲ್ಲಿತ್ತು. ಅದರ ಅರ್ಥ ತಿಳಿದದ್ದು ಕೊನೆಯ ದಿನ.

ವೀಸಾ ನೌಕರಿಗೆ ಕಟ್ಟಿದ ಹಗ್ಗ. ನೌಕರಿ ಹೋದರೆ ಕೆಲವು ತಿಂಗಳ ಗಡುವಿನೊಳಗೆ ಬೇರೊಂದನ್ನು ಹಿಡಿಯಬೇಕು, ಇಲ್ಲವೇ ಹೊರಡಬೇಕು. ಎಷ್ಟು ವರ್ಷವಿದ್ದರೂ ಪೌರತ್ವ ಸಿಗುವುದೆಂದು ಎಣಿಸುವಂತಿಲ್ಲ. ಜರ್ಮನಿಯಲ್ಲಿ ಬ್ಲೂ ಕಾರ್ಡ್ (ಉನ್ನತ ಅರ್ಹತೆಯ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಇದ್ದವರಿಗೆ 27 ತಿಂಗಳಲ್ಲಿ, ಜರ್ಮನ್ ಭಾಷೆಯ ಬಿ1 ಎಂಬ ಮಧ್ಯಮ ಹಂತ ದಾಟಿದವರಿಗೆ 21 ತಿಂಗಳಲ್ಲೇ ಶಾಶ್ವತ ವಾಸದ ಅನುಮತಿ ದೊರೆಯಬಹುದು. ಒಂದು ವರ್ಷ ವಿಮೆಯ ವಂತಿಗೆ ಕಟ್ಟಿದ ಮೇಲೆ ಕೆಲಸ ಹೋದರೆ, ಮಗುವಿರುವವರಿಗೆ ನಿವ್ವಳ ಸಂಬಳದ ಶೇ. 67ರಷ್ಟು ನಿರುದ್ಯೋಗ ಭತ್ಯೆಯೂ ಬರುತ್ತದೆ. ಹೆಚ್ಚು ಕಡಿತವಾಗುವ ಸಂಬಳದಲ್ಲಿ ಇದೂ ಸೇರಿದೆ. ಐದಾರು ವರ್ಷ ದುಡಿದು ಮರಳುವುದು ಖಚಿತವಿದ್ದರೆ ದುಬೈ ಸರಿ; ಭಾರತೀಯ ಪಠ್ಯಕ್ರಮದ ಶಾಲೆಗಳು ಅಲ್ಲಿ ಇರುವುದರಿಂದ ಮಗಳ ಓದೂ ಕೆಡದು. ನೆಲೆಸುವ ಮನಸ್ಸಿದ್ದರೆ ಬೇಡ.
— ನಿವೃತ್ತ ಎಂಜಿನಿಯರ್

ಪತಿಯ ಕೆಲಸ, ಮಗಳ ವಯಸ್ಸು ಎರಡನ್ನೂ ಬರೆದ ನೀವು ನಿಮ್ಮ ಉದ್ಯೋಗದ ಸುದ್ದಿಯನ್ನೇ ಎತ್ತಿಲ್ಲ. ಬ್ಲೂ ಕಾರ್ಡ್ ಹೊಂದಿದವರ ಸಂಗಾತಿ ಜರ್ಮನಿಯಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯಬಹುದು, ಆದರೆ ಭಾಷೆಯಿಲ್ಲದೆ ಕೆಲಸ ಸಿಗುವುದು ಕಷ್ಟ. ದುಬೈಯಲ್ಲಿ ಇಂಗ್ಲಿಷ್ ಸಾಕು, ಆದರೆ ನೇಮಿಸಿಕೊಂಡವರು ಕೆಲಸದ ಪರವಾನಗಿ ಮಾಡಿಸಬೇಕು. ನಾನು ಮೊದಲ ಎರಡು ವರ್ಷ ಇದನ್ನು ಯೋಚಿಸಲಿಲ್ಲ, ಹಗಲೆಲ್ಲ ಕಿಟಕಿಯ ಬಳಿ ಕೂತು ಕಳೆದೆ. ನಿಮ್ಮ ಓದು ಯಾವುದು, ಯಾವ ಊರಿನಲ್ಲಿ ಅದಕ್ಕೆ ಬೇಡಿಕೆ ಇದೆ ಎಂಬುದನ್ನು ಸಹಿ ಹಾಕುವ ಮುನ್ನ ನಿಮ್ಮ ಪತಿಯೊಂದಿಗೆ ಕೂತು ಮಾತಾಡಿ.
— ಗೃಹಿಣಿ, ಈಗ ಅನುವಾದಕಿ